ಪೀಣ್ಯಕ್ಕೆ ಬೇಕು, ಎಲೆಕ್ಟ್ರಾನಿಕ್ ಸಿಟಿಗೆ ಬೇಡ

ಬೆಂಗಳೂರಿನ ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಕರೋನಾ ಗನ್. ಅದರ ಮೂತಿಯ ಸೂಜಿಮೊನೆಗೆ 60ರಿಂದ 100 ಕಿಲೋವೋಲ್ಟ್ ಕೊಟ್ಟು, ಹಾದುಹೋಗುವ ಬಣ್ಣದ ಪುಡಿಗೆ ಋಣ ಆವೇಶ ಹತ್ತಿಸುತ್ತಾರೆ. ಟ್ರೈಬೊ ಗನ್ನಿಗೆ ಈ ಹೈ ವೋಲ್ಟೇಜಿನ ಹಂಗೇ ಇಲ್ಲ. ಒಳಗಿನ ಟೆಫ್ಲಾನ್ ಕೊಳವೆಯ ಗೋಡೆಗೆ ಬಡಿದೂ ಬಡಿದೂ ಪುಡಿ ತಾನಾಗಿಯೇ ಧನ ಆವೇಶ ಪಡೆಯುತ್ತದೆ; ಅರ್ಥಿಂಗ್ ಕೊಟ್ಟು ನೇತುಹಾಕಿದ ಪ್ಯಾನೆಲ್ಲಿಗೆ ಹೋಗಿ ಅಂಟುತ್ತದೆ. ಪೆಟ್ಟಿಗೆಯಂಥ ವಸ್ತುವಿನ ಒಳಮೂಲೆಗೆ ಕರೋನಾ ಪುಡಿ ಸರಿಯಾಗಿ ಇಳಿಯದು, ಟ್ರೈಬೊ ಪುಡಿ ಇಳಿಯುತ್ತದೆ. ಆದರೆ ಪುಡಿ ಬದಲಾದರೆ, ಕೊಳವೆ ಸವೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಹೊಸ ಪುಡಿ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಹೊಡೆದು ನೋಡಿಯೇ ತಿಳಿಯಬೇಕು.

ವಿಜ್ಞಾನದ ಸ್ಥಿತಿಯೂ ಬಹುಕಾಲ ಇದಕ್ಕಿಂತ ಮೇಲಾಗಿರಲಿಲ್ಲ. ಉಜ್ಜಿದ ಆಂಬರ್ ಹುಲ್ಲುಕಡ್ಡಿ ಸೆಳೆಯುವುದು ಗ್ರೀಕರಿಗೇ ಗೊತ್ತಿತ್ತು. ಗಾಜು, ಗಂಧಕಗಳಿಗೂ ಆ ಗುಣವಿದೆಯೆಂದು 1600ರಲ್ಲಿ ವಿಲಿಯಂ ಗಿಲ್ಬರ್ಟ್ ಪಟ್ಟಿ ಮಾಡಿದ. ಆವೇಶದಲ್ಲಿ ಎರಡು ಬಗೆ ಉಂಟೆಂದು 1733ರಲ್ಲಿ ಫ್ರಾನ್ಸಿನ ದ್ಯುಫೇ ತೋರಿಸಿದ. ನನ್ನ ಮಟ್ಟಿಗೆ ಇವರೆಲ್ಲರಿಗಿಂತ ಕುತೂಹಲದ ವ್ಯಕ್ತಿ ಸ್ವೀಡನ್ನಿನ ಯೋಹಾನ್ ವಿಲ್ಕೆ. ಯಾವುದನ್ನು ಯಾವುದಕ್ಕೆ ಉಜ್ಜಿದರೆ ಯಾವುದು ಧನ, ಯಾವುದು ಋಣ ಎಂದು 1757ರಲ್ಲಿ ಆತ ವಸ್ತುಗಳನ್ನು ಸಾಲಾಗಿ ಜೋಡಿಸಿದ. ಆ ಸಾಲಿನಲ್ಲಿ ನುಣುಪು ಗಾಜು ಒಂದು ಕಡೆ, ಒರಟು ಗಾಜು ಇನ್ನೊಂದು ಕಡೆ! ವಸ್ತು ಒಂದೇ, ಮೈ ಬೇರೆ. ಈ ಸುಳಿವಿನ ಬೆಲೆ ತಿಳಿಯಲು ಎರಡೂವರೆ ಶತಮಾನ ಬೇಕಾಯಿತು. ನಡುವೆ 1917ರಲ್ಲಿ ಪಿ.ಇ. ಶಾ ಎಂಬ ಬ್ರಿಟಿಷ್ ವಿಜ್ಞಾನಿ, ಕಾಯಿಸಿದರೆ ವಸ್ತುವಿನ ಸ್ಥಾನವೇ ಪಲ್ಲಟವಾಗುವುದನ್ನು ಕಂಡಿದ್ದ.

ಅಸಲಿಗೆ ಉಜ್ಜಲೇಬೇಕೆಂದೇನೂ ಇಲ್ಲ. ಎರಡು ಮೈಗಳು ತಾಗಿ ಬೇರ್ಪಟ್ಟರೆ ಸಾಕು. ಸೆಲ್ಲೋ ಟೇಪನ್ನು ಸುರುಳಿಯಿಂದ ಕಿತ್ತರೂ ಆವೇಶ ಹುಟ್ಟುತ್ತದೆ. ಉಜ್ಜುವುದರಿಂದ ತಾಗುವ ಜಾಗ ಹೆಚ್ಚುತ್ತದೆ. ಲೋಹಕ್ಕೆ ಲೋಹ ತಾಗಿದಾಗ ನಡೆಯುವುದೇನೆಂಬುದು 20ನೇ ಶತಮಾನದಲ್ಲಿ ಸ್ಪಷ್ಟವಾಯಿತು: ಎಲೆಕ್ಟ್ರಾನನ್ನು ಸಡಿಲವಾಗಿ ಹಿಡಿದ ಲೋಹ ಬಿಡುತ್ತದೆ, ಬಿಗಿಯಾಗಿ ಹಿಡಿದದ್ದು ಪಡೆಯುತ್ತದೆ. ತಕರಾರಿರುವುದು ಪ್ಲಾಸ್ಟಿಕ್, ರಬ್ಬರಿನಂಥ ಅವಾಹಕಗಳ ಬಗ್ಗೆ. ಅಲ್ಲಿ ದಾಟುವುದು ಎಲೆಕ್ಟ್ರಾನೋ, ಅಯಾನೋ, ಅಥವಾ ವಸ್ತುವಿನದೇ ಚೂರೋ? ಮೂರಕ್ಕೂ ಪುರಾವೆಗಳಿವೆ, ಮೂರಕ್ಕೂ ವಕೀಲರಿದ್ದಾರೆ.

ಈ ವಾದ ಮುಗಿಯಲೆಂದು ಉದ್ಯಮ ಕಾಯಲಿಲ್ಲ. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿದ್ದು 1978ರಲ್ಲಿ. ಚಿಪ್ಪುಗಳನ್ನು ಸ್ಥಿರವಿದ್ಯುತ್ತು ಸುಡುತ್ತದೆಂದು ಅಮೆರಿಕದಲ್ಲಿ ಅದಕ್ಕಾಗಿಯೇ ಮೊದಲ ವಿಚಾರಸಂಕಿರಣ ನಡೆದದ್ದು ಮರುವರ್ಷ, 1979ರಲ್ಲಿ. ಮನುಷ್ಯನಿಗೆ ಚಟ್ಟೆಂದು ತಿಳಿಯಲು ಸುಮಾರು 3,000 ವೋಲ್ಟ್ ಬೇಕು. ನಾಜೂಕಾದ ಚಿಪ್ಪಿಗೆ 100 ವೋಲ್ಟೂ ಅಪಾಯವೇ. ಅಂದರೆ ಬೋರ್ಡ್ ಕೆಟ್ಟದ್ದು ಕೈಗೆ ಗೊತ್ತೇ ಆಗುವುದಿಲ್ಲ. ಇಂದು ಜೋಡಣೆ ಮಾಡುವವರ ಮಣಿಕಟ್ಟಿನ ಪಟ್ಟಿಯ ವೈರಿನಲ್ಲಿ 1 ಮೆಗಾಓಮಿನ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಮೇನ್ಸ್ ತಗುಲಿದರೂ ಜೀವಕ್ಕೆ ಅಪಾಯವಾಗಬಾರದೆಂದು ಈ ತಡೆ. ಮೈಯ ಆವೇಶ ಇಳಿದುಹೋಗಲು ಮಾತ್ರ ಅದು ಅಡ್ಡಿಯಲ್ಲ, ಸೆಕೆಂಡಿನ ಸಣ್ಣ ಭಾಗದಲ್ಲಿ ಎಲ್ಲ ಖಾಲಿ.

ಹವೆಯ ಪಾತ್ರವೂ ದೊಡ್ಡದು. ಒಣಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದವರ ಮೈಯಲ್ಲಿ 35,000 ವೋಲ್ಟಿನವರೆಗೂ ಕೂಡಬಹುದು. ತೇವವಿದ್ದರೆ ಅದು 1,500ರ ಆಸುಪಾಸಿಗೆ ಇಳಿಯುತ್ತದೆ. ಫೆಬ್ರವರಿ, ಮಾರ್ಚ್ ಮಧ್ಯಾಹ್ನಗಳಲ್ಲಿ ವೈಟ್‌ಫೀಲ್ಡಿನ ಎ.ಸಿ. ಕಚೇರಿಗಳ ಬಾಗಿಲ ಹಿಡಿಕೆ ಶಾಕ್ ಹೊಡೆಯುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಆ ದೂರು ಯಾರೂ ಹೇಳುವುದಿಲ್ಲ.

ಸಿದ್ಧಾಂತಕ್ಕೆ ಹೊಸ ಚುರುಕು ಬಂದದ್ದು 2011ರ ನಂತರ. ತಾಗಿ ಬೇರ್ಪಟ್ಟ ಪಾಲಿಮರಿನ ಮೈಯೆಲ್ಲ ಒಂದೇ ಆವೇಶ ಹೊತ್ತಿರುತ್ತದೆಂಬ ನಂಬಿಕೆಯನ್ನು ಆ ವರ್ಷ ಗ್ರಿಬೋವ್‌ಸ್ಕಿ ತಂಡ ಕೆಡವಿತು. ಧನ, ಋಣ ಮಚ್ಚೆಗಳೆರಡೂ ನ್ಯಾನೊ ಅಳತೆಯಲ್ಲಿ ಒತ್ತೊತ್ತಾಗಿರುತ್ತವೆ. ನಾವು ಅಳೆಯುವುದು ಕೂಡಿ ಕಳೆದು ಉಳಿದ ಶೇಷವನ್ನಷ್ಟೆ. ಮರುವರ್ಷ ಝೊಂಗ್ ಲಿನ್ ವಾಂಗ್ ಇದೇ ಆವೇಶದಿಂದ ವಿದ್ಯುತ್ ತೆಗೆಯುವ ನ್ಯಾನೊಜನರೇಟರ್ ರೂಪಿಸಿದರು. ಅದರ ಭರಾಟೆಯಲ್ಲಿ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ, ಮೂಲಪ್ರಶ್ನೆ ಹಾಗೇ ಉಳಿಯಿತು.

2025ರಲ್ಲಿ ಆಸ್ಟ್ರಿಯಾದ ಸೊಬಾರ್ಜೊ ಮತ್ತು ವೈಟುಕೈಟಿಸ್ ತಂಡ ಒಂದೇ ಸಿಲಿಕೋನ್ ರಬ್ಬರಿನ ತುಂಡುಗಳನ್ನು ಪರಸ್ಪರ ತಾಗಿಸುತ್ತ ಹೋಯಿತು. ಮೊದಮೊದಲು ಫಲಿತಾಂಶ ಅಡ್ಡಾದಿಡ್ಡಿ. ಸುಮಾರು 200 ಸಲ ತಾಗಿಸಿದ ಮೇಲೆ ಅವೇ ತುಂಡುಗಳು ವಿಲ್ಕೆಯ ಪಟ್ಟಿಯಂತೆ ಸಾಲಿಗೆ ಬಂದವು: ಹೆಚ್ಚು ಸಲ ತಾಗಿದ್ದು ಋಣ, ಕಡಿಮೆ ತಾಗಿದ್ದು ಧನ. ತಾಗಿದಷ್ಟೂ ಮೈಯ ನ್ಯಾನೊ ಒರಟುತನ ನುಣುಪಾಗುತ್ತಿತ್ತು. ಆ ನುಣುಪು ತುಂಡನ್ನು ಋಣದ ಕಡೆಗೇ ಏಕೆ ತಳ್ಳಬೇಕೆಂಬುದು ಇನ್ನೂ ಬಿಡಿಸದ ಗಂಟು.