ಹಸಿ ಕಡಲೆಕಾಯಿಗೆ ಉಪ್ಪು-ಖಾರ ಹಿಡಿಯಬೇಕಾದರೆ...

ಬೆಂಗಳೂರು: ಕಾರ್ತಿಕ ಮಾಸ ಬಂತೆಂದರೆ ನಗರದ ಬೀದಿಗಳಲ್ಲಿ ಹಸಿ ಕಡಲೆಕಾಯಿಯ ರಾಶಿ ಕಾಣಿಸಿಕೊಳ್ಳುತ್ತದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಕಿತ್ತು ಬರುವ ಕಾಲವದು. ತುಮಕೂರು ಹಾಗೂ ಹಾಸನದ ರೈಲು ಹಳಿಗಳು ಕವಲೊಡೆಯುವ ಚಿಕ್ಕಬಾಣಾವರಕ್ಕೆ ಕಡಲೆಕಾಯಿ ಸೀಮೆ ದೂರವೇನಲ್ಲ. ಪಾವಗಡ, ಶಿರಾ ತಾಲ್ಲೂಕುಗಳು ಈ ಬೆಳೆಗೆ ಹೆಸರಾದವು.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ ನಡೆಯುತ್ತದೆ. ಬೆಳೆ ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ಕೆಂಪೇಗೌಡರು ದೊಡ್ಡ ಬಸವನ ಗುಡಿ ಕಟ್ಟಿಸಿದರೆಂಬುದು ಪ್ರತೀತಿ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆಯಾದ್ದರಿಂದ ಈ ಕಥೆಯನ್ನು ಕಥೆಯೆಂದೇ ಸವಿಯುವುದು ಲೇಸು.

ಮನೆಯಲ್ಲಿ ಬೇಯಿಸಿದಾಗ ಸಿಪ್ಪೆ ಉಪ್ಪಾಗಿ ಬೀಜ ಸಪ್ಪೆಯಾಗಿ ಉಳಿಯುವುದು ಸಾಮಾನ್ಯ ದೂರು. ಕಾರಣ ಅವಸರ. ಕಾಯಿಯೊಳಗೆ ಗಾಳಿ ಇರುವುದರಿಂದ ಅದು ಮೊದಲು ತೇಲುತ್ತದೆ. ಕುದಿಯುವಾಗ ಆ ಗಾಳಿ ಹಿಗ್ಗಿ ಹೊರಬರುತ್ತದೆ. ಒಲೆ ಆರಿಸಿದ ಮೇಲೆ ಒಳಭಾಗ ತಣಿಯುತ್ತ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬೆಂದ ಕಾಯನ್ನು ಅದೇ ನೀರಿನಲ್ಲಿ ಕನಿಷ್ಠ ಒಂದು ಗಂಟೆ ಬಿಡಬೇಕು. ಕಾಯಿ ತಳ ಸೇರಿತೆಂದರೆ ಉಪ್ಪು ಹಿಡಿಯಿತೆಂದೇ ಅರ್ಥ.

1 ಕಿಲೋ ಹಸಿ ಕಾಯಿಗೆ 3 ಲೀಟರ್ ನೀರು, ಸುಮಾರು 60 ಗ್ರಾಂ ಉಪ್ಪು ಸಾಕು. ಮಣ್ಣು ಹೋಗುವವರೆಗೆ ಮೂರ್ನಾಲ್ಕು ಬಾರಿ ತೊಳೆದು, ತೆರೆದ ಪಾತ್ರೆಯಲ್ಲಾದರೆ 40 ನಿಮಿಷ, ಕುಕ್ಕರ್‌ನಲ್ಲಾದರೆ 3-4 ಸೀಟಿ. ಒಣಗಿದ ಕಾಯಾದರೆ ರಾತ್ರಿಯಿಡೀ ನೆನೆಸಿ, ಹೆಚ್ಚು ಹೊತ್ತು ಬೇಯಿಸಬೇಕು.

ಮಸಾಲೆಯ ಗುಟ್ಟು ಬೇರೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಗ್ಗರಣೆಯ ಎಣ್ಣೆಯೂ ಸಿಪ್ಪೆ ದಾಟುವುದು ಕಷ್ಟ. ಹೀಗಾಗಿ ಪ್ರತಿ ಕಾಯಿಯ ತುದಿಯನ್ನು ಬೆರಳಲ್ಲಿ ಒತ್ತಿ ಬಾಯಿ ಬಿಡಿಸಿಕೊಂಡು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಶುಂಠಿ, ಜೀರಿಗೆ, ಕರಿಬೇವು, ಚಿಟಿಕೆ ಅರಿಸಿನವನ್ನು ನೀರಿಗೇ ಹಾಕಿ ಕುದಿಸುವುದು ಸರಿ. ಬೇಸರದ ಕೆಲಸವೇ, ಆದರೆ ರುಚಿ ಇರುವುದು ಅಲ್ಲೇ. ಹುಣಸೆ ಅಥವಾ ನಿಂಬೆಯ ಹುಳಿ ಕೊನೆಗೆ. ಮೊದಲೇ ಹಾಕಿದರೆ ಬೀಜ ಮೆತ್ತಗಾಗದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಖಾರ ಹಾಕಿ ಬೇಯಿಸುವ ರೂಢಿಯಿದೆ. ಸೌತ್ ಕೆರೊಲಿನಾ 2006ರಲ್ಲಿ ಬೇಯಿಸಿದ ಕಡಲೆಕಾಯಿಯನ್ನೇ ರಾಜ್ಯದ ಅಧಿಕೃತ ತಿಂಡಿಯೆಂದು ಸಾರಿತು.

ಕಾಯಿ ಆರಿಸುವಾಗ ಮಾತ್ರ ಜಿಪುಣತನ ಸಲ್ಲದು. ಬೂಷ್ಟು ಹಿಡಿದ, ಕಪ್ಪಾದ, ಸುಕ್ಕುಗಟ್ಟಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಯಕೃತ್ತಿನ ಕ್ಯಾನ್ಸರಿಗೂ ಇದು ಕಾರಣ. ಕುದಿಸಿದರೆ ಅದು ನಾಶವಾಗದು, ಮಸಾಲೆಯಿಂದ ಕಹಿಯೂ ತಿಳಿಯದು. ತಿನ್ನುವಾಗ ಕಹಿ ಬೀಜ ಸಿಕ್ಕರೆ ಉಗಿದುಬಿಡಬೇಕು.

ಬೆಂದ ಕಾಯಿ ಹೊರಗಿಟ್ಟರೆ ಅಂದೇ ಮುಗಿಸಬೇಕು. ಮರುದಿನಕ್ಕೆ ಲೋಳೆ ಬರುತ್ತದೆ. ನೀರು ಬಸಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನ ತಾಳುತ್ತದೆ. ರಕ್ತದೊತ್ತಡದವರು ಉಪ್ಪನ್ನು ಅರ್ಧಕ್ಕೆ ಇಳಿಸಿ, ನೆನೆಯುವ ಹೊತ್ತನ್ನೂ ಕಡಿಮೆ ಮಾಡಿಕೊಳ್ಳಬಹುದು. ಕಡಲೆಕಾಯಿ ಅಲರ್ಜಿ ಇರುವವರಿಗೆ ಬೇಯಿಸಿದ್ದೂ ವರ್ಜ್ಯವೇ.