ಪೆರಂಬೂರಿನ ವಾಡಿಯಾ: ಒಂದು ರಾಜಕೀಯ ಜೀವನದ ಬರವಣಿಗೆಗಳು

ಬೆಂಗಳೂರಿನ ಬಸವನಗುಡಿಯಲ್ಲಿ ಬಿ. ಪಿ. ವಾಡಿಯಾ ಎಂದೊಡನೆ 1945ರಲ್ಲಿ ಸ್ಥಾಪಿತವಾದ ವರ್ಲ್ಡ್ ಕಲ್ಚರ್ ಸಂಸ್ಥೆಯೂ ಅದರ ಗ್ರಂಥಾಲಯವೂ ನೆನಪಿಗೆ ಬರುವುವೇ ಹೊರತು, ಅದೇ ಮಹನೀಯರು 1918ರ ಏಪ್ರಿಲ್ 27ರಂದು ಮದರಾಸಿನ ಪೆರಂಬೂರಿನಲ್ಲಿ ಉದಯಿಸಿದ ಮದ್ರಾಸ್ ಲೇಬರ್ ಯೂನಿಯನ್ನಿನ ಪ್ರಥಮಾಧ್ಯಕ್ಷರಾಗಿದ್ದರೆಂಬುದು ಬರುವುದಿಲ್ಲ. ಅದನ್ನು ಬಲ್ಲ ಕೆಲವರೂ ಆ ಅಧ್ಯಾಯವನ್ನು ಥಿಯಾಸಫಿಯ ಸಜ್ಜನರೊಬ್ಬರು ಮರುಕಗೊಂಡು ಮಾಡಿದ ಅಲ್ಪಕಾಲದ ಉಪಕಾರವೆಂದು ವರ್ಣಿಸಿ ಮುಂದೆ ಸಾಗುತ್ತಾರೆ. ಈ ವಿಷಯದ ಬರಹಗಳನ್ನು ಬಹುಕಾಲದಿಂದ ಓದುತ್ತ ಬಂದ ನನಗೆ ಅದು ಅರ್ಧಸತ್ಯವೆಂದೇ ತೋರುತ್ತದೆ.

ಮೊದಲ ಹಂತದ ಬರಹಗಳ ವಿಚಾರ ಬೇಗ ಮುಗಿಯುತ್ತದೆ. ವಾಡಿಯಾರ ಭಾಷಣಗಳ ಸಂಗ್ರಹವಾದ ‘ಲೇಬರ್ ಇನ್ ಮದ್ರಾಸ್’ 1921ರಲ್ಲಿ ಪ್ರಕಟವಾಯಿತು, ಸಂಘದ ಇನ್ನೊಬ್ಬ ನಾಯಕರಾದ ತಿರು ವಿ. ಕಲ್ಯಾಣಸುಂದರ ಮುದಲಿಯಾರರ ಆತ್ಮಕಥೆ 1944ರಲ್ಲಿ ಹೊರಬಂದಿತು. ಇವು ನಾಯಕರ ಬರಹಗಳು, ಆದುದರಿಂದ ನಾಯಕರೇ ಇವುಗಳಲ್ಲಿ ದೊಡ್ಡವರು. ಆದರೂ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೂಲಿಗಾರನು ಮಧ್ಯಾಹ್ನದ ಅರ್ಧಗಂಟೆಯ ಬಿಡುವಿನಲ್ಲಿ ಕೈತೊಳೆದು, ನಾಲ್ಕು ತುತ್ತು ನುಂಗಿ, ಮತ್ತೆ ಯಂತ್ರದ ಮುಂದೆ ನಿಲ್ಲಬೇಕಾಗಿದ್ದ ಸಂಕಟವೇ ಮೊದಲ ದೂರುಗಳಲ್ಲೊಂದಾಗಿದ್ದಿತೆಂಬುದು ಆ ಕಾಲದ ದಾಖಲೆಗಳಿಂದ ಸ್ಪಷ್ಟವಾಗುತ್ತದೆ. ಆ ದೂರನ್ನು ಹೊತ್ತು ವಾಡಿಯಾರ ಬಳಿಗೆ ಹೋದವರು ಪೆರಂಬೂರಿನ ವರ್ತಕರಾದ ಸೆಲ್ವಪತಿ ಚೆಟ್ಟಿಯಾರರೂ ರಾಮಾನುಜುಲು ನಾಯುಡುಗಳೂ. ಹೊರಗಿನವರು ಸಂಘವನ್ನು ತಂದು ನೆಟ್ಟರೆಂಬ ಮಾತು ಇಲ್ಲಿಯೇ ಸಡಿಲವಾಗುತ್ತದೆ.

ನಮ್ಮ ತಲೆಮಾರಿನ ಕೆಲಸವೇ ನನ್ನ ಎಣಿಕೆಯಲ್ಲಿ ನಿಜವಾದ ಫಸಲು. ದಕ್ಷಿಣದ ನಾಲ್ಕು ಜವಳಿ ಕೇಂದ್ರಗಳನ್ನು ತುಲನೆಮಾಡಿದ ಈಮನ್ ಮರ್ಫಿಯವರ ಗ್ರಂಥ 1981ರಲ್ಲಿಯೂ, ತಮಿಳುನಾಡಿನ ಕಾರ್ಮಿಕ ಚಳವಳಿಯನ್ನು ಕುರಿತ ಸಿ. ಎಸ್. ಕೃಷ್ಣರ ಗ್ರಂಥ 1989ರಲ್ಲಿಯೂ ಬಂದುವು. ಇವೆರಡಕ್ಕಿಂತಲೂ ನನಗೆ ಪ್ರಿಯವಾದುದು ದಿಲೀಪ್ ವೀರರಾಘವನ್ನರ ಕೃತಿ: ದೃಷ್ಟಿಯನ್ನು ಕಳೆದುಕೊಂಡಿದ್ದರೂ ಮದರಾಸಿನ ಐ.ಐ.ಟಿ.ಯಲ್ಲಿ ಬೋಧಿಸುತ್ತಿದ್ದ ಆ ವಿದ್ವಾಂಸರ ಪ್ರಬಂಧವು, ಅವರು ಕಾಲವಾದ ತರುವಾಯ, 2013ರಲ್ಲಿ ಪುಸ್ತಕವಾಯಿತು. ಕಾರ್ಮಿಕರನ್ನು ಅದು ಕರುಣಾಪಾತ್ರರನ್ನಾಗಿಸದೆ ಕರ್ತೃಗಳನ್ನಾಗಿ ನೋಡಿತು. ಇಂತಹ ಶೋಧನೆಗಳ ಬೆಳಕಿನಲ್ಲಿ ನೋಡಿದಾಗ, 1920ರ ಕೊನೆಯಲ್ಲಿ ಆ ಮಿಲ್ಲುಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿ ವಾಡಿಯಾ ಮೊದಲಾದ ಸಂಘದ ನಾಯಕರ ವಿರುದ್ಧ ನಷ್ಟಪರಿಹಾರಕ್ಕಾಗಿ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದುದೂ, ವಾಡಿಯಾರು ಸಂಘದ ಸಂಬಂಧವನ್ನು ತೊರೆದ ಮೇಲೆಯೇ ದಾವೆ ನಿಂತುದೂ, ಅವರ ನಿರ್ಗಮನವನ್ನು ವೈರಾಗ್ಯವೆನ್ನಲು ಬಿಡುವುದಿಲ್ಲ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಪ್ರಯತ್ನದ ಫಲವಾದ 1926ರ ಕಾರ್ಮಿಕ ಸಂಘಗಳ ಕಾಯಿದೆಯ ಹಿಂದೆ ಪೆರಂಬೂರಿನ ಈ ದಾವೆಯೇ ನಿಂತಿದೆ. ಅಧ್ಯಾತ್ಮದ ಕಡೆಗೆ ಸಂಪೂರ್ಣವಾಗಿ ಹೊರಳಿದ ವಾಡಿಯಾರನ್ನು ಮಾತ್ರ ಬಲ್ಲ ಭಕ್ತರು ಇದನ್ನು ಓದುವುದು ಒಳ್ಳೆಯದು.

ಆದರೆ ಈ ಗ್ರಂಥಮಾಲೆಯಲ್ಲಿ ಒಂದು ಎಡೆ ಇನ್ನೂ ತೆಳುವಾಗಿಯೇ ಉಳಿದಿದೆ. ಇದೇ ಮಿಲ್ಲುಗಳ 1921ರ ಮುಷ್ಕರದಲ್ಲಿ ಆದಿದ್ರಾವಿಡ (ದಲಿತ) ಕಾರ್ಮಿಕರು ಮಿಲ್ಲಿಗೆ ಹಿಂದಿರುಗಿದರು. ಮದರಾಸಿನ ಪುಳಿಯಂತೋಪು ಬಡಾವಣೆಯಲ್ಲಿ ಮನೆಗಳು ಉರಿದುವು, ಗುಂಡು ಹಾರಿತು, ಸಾವುಗಳಾದುವು. ನಾಯಕರ ಭಾಷಣಗಳಿವೆ, ಸರ್ಕಾರದ ವರದಿಗಳಿವೆ, ಆದಿದ್ರಾವಿಡರ ನಾಯಕ ಎಂ. ಸಿ. ರಾಜಾ ಅವರು ತಮ್ಮವರ ಪರವಾಗಿ ಆಡಿದ ಮಾತುಗಳೂ ಇವೆ. ಮುಷ್ಕರ ಮುರಿದವರೆಂಬ ಒಂದೇ ಹೆಸರಿನಡಿಯಲ್ಲಿ ಸೇರಿಸಲ್ಪಟ್ಟ ಆ ಕುಟುಂಬಗಳಿಗೆ ಸಂಘದೊಳಗೆ ಯಾವ ಸ್ಥಾನವಿದ್ದಿತು, ಅಧಿಕಾರಸ್ಥಾನದಲ್ಲಿ ಅವರಲ್ಲಿ ಯಾರಾದರೂ ಇದ್ದರೇ ಎಂಬ ಪ್ರಶ್ನೆಗೆ ವಾಡಿಯಾರ ಚರಿತ್ರಕಾರರು, ನನ್ನ ಮೆಚ್ಚಿನವರೂ ಸೇರಿದಂತೆ, ಇನ್ನಷ್ಟು ಪುಟಗಳನ್ನು ಮೀಸಲಿಡಬೇಕಾಗಿದ್ದಿತು.