ಗಡಿಯಾರ ನೋಡಿ ಕೊಡುವ ಮಾತ್ರೆ

ಹೊಳಲೂರಿನ ದೊಡ್ಡಪ್ಪನ ಮನೆಯ ಗೋಡೆಗೂಡಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದಿತ್ತು. ಅದರಲ್ಲಿ ನೋವಿನ ಮಾತ್ರೆಗಳು. 1998ರ ಮಳೆಗಾಲ, ದೊಡ್ಡಪ್ಪನ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ‘ಈಗೊಂದು ಕೊಡೋಣ್ವಾ ದೊಡ್ಡಮ್ಮ?’ ಎಂದರೆ, ‘ತಡಿಯೋ, ಇನ್ನೂ ತಡ್ಕೊಂಡಿದಾರೆ. ಈಗ್ಲೇ ಕೊಟ್ರೆ ಆಮೇಲೆ ಹತ್ತಲ್ಲ’ ಎನ್ನುತ್ತಿದ್ದರು. ನರಳಾಟ ಜಗಲಿಗೆ ಕೇಳಿಸಿದ ಮೇಲಷ್ಟೇ ಮುಚ್ಚಳ ತೆರೆಯುತ್ತಿತ್ತು.

ಆ ಮಾತ್ರೆಯ ವಂಶ ದೊಡ್ಡದು. 1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲೋ ಮರದ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆಂದು ರಾಯಲ್ ಸೊಸೈಟಿಗೆ ಬರೆದ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಆಸ್ಪಿರಿನ್ ತಯಾರಾಯಿತು. ಅದು ಹೇಗೆ ಕೆಲಸ ಮಾಡುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಪೆಟ್ಟಾದ ಜಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಹುಟ್ಟಿ, ಬಾವು ಬರಿಸಿ, ನರಗಳನ್ನು ಕೆರಳಿಸುತ್ತದೆ. ಈ ಮಾತ್ರೆ ಅದರ ಹುಟ್ಟನ್ನೇ ತಡೆಯುತ್ತದೆ. ಮೂಳೆಗೆ ಹರಡಿದ ಗಡ್ಡೆಯ ಸುತ್ತಲೂ ಇಂಥದೇ ಉರಿಯೂತ ಇರುತ್ತದೆ. ಕೀಲುನೋವಿನ ಮಾತ್ರೆಗೆ ಕ್ಯಾನ್ಸರ್ ನೋವಿನಲ್ಲೂ ಕೆಲಸ ಸಿಕ್ಕಿದ್ದು ಹೀಗೆ.

ಆದರೆ ಮಾತ್ರೆಯಷ್ಟೇ ಮುಖ್ಯ ಅದನ್ನು ಕೊಡುವ ಹೊತ್ತು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ನೋವು ಮರಳುವ ಮೊದಲೇ ಔಷಧ ಕೊಡಬೇಕೆಂದು ಪಟ್ಟುಹಿಡಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಸಣ್ಣ ಪುಸ್ತಕದಲ್ಲಿ ಹೇಳಿತು: ಬಾಯಿಂದ ಕೊಡಿ, ಗಡಿಯಾರ ನೋಡಿ ಕೊಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಮೊದಲ ಮೆಟ್ಟಿಲು ಆಸ್ಪಿರಿನ್ ಬಳಗ, ಪ್ಯಾರಸಿಟಮಾಲ್, ಎರಡನೆಯದು ಕೋಡೀನ್, ಮೂರನೆಯದು ಮಾರ್ಫಿನ್. ಮೇಲೆ ಹತ್ತಿದರೂ ಕೆಳಗಿನ ಮಾತ್ರೆಯನ್ನು ಜೊತೆಗಿಟ್ಟುಕೊಳ್ಳಬಹುದು.

ಹನ್ನೆರಡು ವರ್ಷ ಹಳೆಯ ಆ ಮಾತು ಹೊಳಲೂರಿಗೆ ಬಂದಿರಲಿಲ್ಲ. ಶಿವಮೊಗ್ಗದ ಒಬ್ಬ ಎಳೆಯ ಡಾಕ್ಟರು ಚೀಟಿಯಲ್ಲಿ ‘6, 2, 10’ ಎಂದು ಬರೆದು, ‘ನೋವಿರಲಿ ಬಿಡಲಿ, ಊಟವಾದ ಮೇಲೆ ಕೊಡಿ. ಹೊಟ್ಟೆ ಉರಿದರೆ, ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ ತಕ್ಷಣ ಬನ್ನಿ’ ಎಂದರು. ನಾಲ್ಕನೆಯ ದಿನ ದೊಡ್ಡಪ್ಪ ಜಗಲಿಗೆ ಬಂದು ಕೂತು, ತೋಟಕ್ಕೆ ಔಷಧಿ ಹೊಡೆದಾಯಿತೇ ಎಂದು ವಿಚಾರಿಸಿದರು.

ಆ ಸುಖ ಮೂರು ವಾರ. ಈ ಮಾತ್ರೆಗೊಂದು ಮಿತಿಯುಂಟು. ಅದನ್ನು ದಾಟಿ ಕೊಟ್ಟರೆ ನೋವು ಇನ್ನಷ್ಟು ಇಳಿಯುವುದಿಲ್ಲ, ಹೊಟ್ಟೆ-ಮೂತ್ರಪಿಂಡ ಕೆಡುತ್ತವೆ. ಮುಂದಿನ ಮೆಟ್ಟಿಲಿಗೆ ಮಾರ್ಫಿನ್ ಹುಡುಕಿದರೆ, ಕೇಳಿದ ಅಂಗಡಿಗಳಲ್ಲೆಲ್ಲ ಇಲ್ಲವೆಂದರು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಪರವಾನಗಿಯ ತೊಡಕಿಗೆ, ಶಿಕ್ಷೆಯ ಭಯಕ್ಕೆ ದೇಶದಲ್ಲೆಲ್ಲ ಅದರ ಬಳಕೆ ಕುಸಿದಿತ್ತು. ಕಾಯ್ದೆ ಸಡಿಲವಾದದ್ದು 2014ರಲ್ಲಿ. ದೊಡ್ಡಪ್ಪ ಅಷ್ಟು ಕಾಯಲಿಲ್ಲ.

ಈಚೆಗೆ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹೊತ್ತಿಗೆ ಸರಿಯಾಗಿ ಕೊಡ್ಬೇಕು ಅಂತ ಯಾರಾದ್ರೂ ಮೊದ್ಲೇ ಹೇಳಿದ್ರೆ ಕೊಡ್ತಿದ್ನಲ್ಲೋ’ ಎಂದರು.